ಡಾಕ್ಟರ್ ಗಾಡಿ ಮತ್ತು ಹೊಡೆದ ಗಾಡಿ

ಸಂಪಾದಕರಿಗೆ,

ಮಾನ್ಯರೇ, ಕೊಪ್ಪಳದ ಸುತ್ತ ಮಾರಾಟಕ್ಕೆ ನಿಂತಿರುವ ಹಳೇ ಕಾರುಗಳನ್ನು ಲೆಕ್ಕ ಹಾಕಿದರೆ ನಮ್ಮ ಜಿಲ್ಲೆಯಲ್ಲಿ ರೋಗಿಗಳಿಗಿಂತ ಡಾಕ್ಟರರೇ ಜಾಸ್ತಿ ಅನ್ನಿಸುತ್ತದೆ. ಮೂರು ತಿಂಗಳಲ್ಲಿ ನಾವು ಏಳು ಕಾರು ನೋಡಿದೆವು. ಅದರಲ್ಲಿ ನಾಲ್ಕು 'ಡಾಕ್ಟರ್ ಗಾಡಿ', ಅಂದರೆ ಡಾಕ್ಟರರು ಜೋಪಾನವಾಗಿ ಇಟ್ಟುಕೊಂಡಿದ್ದ ಗಾಡಿ ಅಂತ ಮಾರುವವರು ಹೇಳುವಂಥದ್ದು. ಆ ನಾಲ್ಕರಲ್ಲಿ ಎರಡು 'ಲೇಡಿ ಡಾಕ್ಟರ್ ಗಾಡಿ', ಅದಕ್ಕೆ ರೇಟು ಇನ್ನೂ ಸ್ವಲ್ಪ ಮೇಲೆ. ಅಪಘಾತ ಅನ್ನೋದು ಆ ನಾಲ್ಕರಲ್ಲಿ ಒಂದಕ್ಕೂ ಆಗಿಲ್ಲವಂತೆ.

ನಾನು ಕುಕನೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಯಜಮಾನರು ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಅತ್ತೆಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಆದರೂ ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಲೇಬೇಕು. ಹೀಗಾಗಿ ನಾಲ್ಕು ಲಕ್ಷದೊಳಗೆ ಒಂದು ಸಣ್ಣ ಕಾರು ತಗೊಳ್ಳೋಣ ಅಂತ ತೀರ್ಮಾನ ಮಾಡಿದೆವು.

ನಮಗೆ ಹಿಡಿಸಿದ್ದು ಒಂದು ಬಿಳಿ ಕಾರು. 2019ರ ಕೊನೆಯಲ್ಲಿ ನೋಂದಣಿಯಾದದ್ದು, ಕೆಎ 37 ನಂಬರು. ಹೆದ್ದಾರಿ ಪಕ್ಕದಲ್ಲಿ ಹಳೇ ಗಾಡಿ ಮಾರುವ ಒಂದು ಕನ್ಸಲ್ಟ್ ಅಂಗಡಿಯ ಮುಂದೆ ಪಳಪಳ ಹೊಳೆಯುತ್ತಾ ನಿಂತಿತ್ತು. 'ಒಂದು ಸ್ಕ್ರ್ಯಾಚ್ ತೋರಿಸ್ರಿ ಮೇಡಂ, ಗಾಡಿ ಫ್ರೀ ಕೊಡ್ತೀನಿ' ಅಂದರು ಅಂಗಡಿಯವರು. ಯಜಮಾನರು ಆಗಲೇ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದರು. ನಾನೇ ತಡೆದೆ. ನಮ್ಮ ಓಣಿಯಲ್ಲಿ ಒಬ್ಬರು ಟಿಂಕರ್ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯುತ್ತೇವೆ. ನಜ್ಜುಗುಜ್ಜಾದ ತಗಡನ್ನು ನೆಟ್ಟಗೆ ಮಾಡುವುದೇ ಅವರ ನಲವತ್ತು ವರ್ಷದ ಕೆಲಸ. ಅವರನ್ನು ಒಂದು ಸಲ ಕರೆದು ತೋರಿಸೋಣ ಅಂದೆ.

ಮರುದಿನ ಚಾಚಾ ಬಂದರು. ನಾನು ಶಾಲೆಯ ವಿಜ್ಞಾನ ಕಿಟ್ಟಿನಿಂದ ಒಂದು ದಂಡಕಾಂತವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ತಗಡಿನ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ ಜಾಗಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ ಅಂತ ಎಲ್ಲೋ ಕೇಳಿದ್ದೆ. ಜಂಬದಿಂದ ಮೊದಲು ಮುಂದಿನ ಬಂಪರಿಗೇ ಇಟ್ಟೆ. ಜಾರಿ ಬಿತ್ತು! 'ಪೂರಾ ಪುಟ್ಟಿ!' ಅಂತ ಕೂಗಿದೆ. 'ಅಕ್ಕಾರ, ಅದು ಪ್ಲಾಸ್ಟಿಕ್ ಐತ್ರಿ' ಅಂದರು ಚಾಚಾ. ಅಂಗಡಿಯ ಹುಡುಗರೆಲ್ಲ ನಕ್ಕರು. ಅಷ್ಟು ವರ್ಷ ವಿಜ್ಞಾನ ಕಲಿಸಿದ್ದಕ್ಕೆ ಸಾರ್ಥಕ ಆಯ್ತು ಬಿಡಿ.

ಆದರೆ ಎಡಗಡೆ ಹಿಂದಿನ ಬಾಗಿಲ ಹತ್ತಿರ ಬಂದಾಗ ಯಾರೂ ನಗಲಿಲ್ಲ. ಬಲಗಡೆ ಗಟ್ಟಿಯಾಗಿ ಕಚ್ಚಿ ಹಿಡಿದಿದ್ದ ಕಾಂತ ಅಲ್ಲಿ ಹಿಡಿದೂ ಹಿಡಿಯದ ಹಾಗೆ ಕೆಳಗೆ ಜಾರಿತು. ಚಾಚಾ ಬೆರಳ ಗೆಣ್ಣಿನಿಂದ ತಟ್ಟಿದರು. ಬಲಗಡೆ 'ಟಣ್' ಅಂದರೆ ಇಲ್ಲಿ 'ದಬ್'. ಆಮೇಲೆ ಬಾಗಿಲು ತೆಗೆದು, ಚೌಕಟ್ಟಿನ ರಬ್ಬರ್ ಪಟ್ಟಿಯನ್ನು ಗೇಣುದ್ದ ಕಿತ್ತು ನನ್ನನ್ನು ಬಗ್ಗಿ ನೋಡಲು ಹೇಳಿದರು. ಕಂಪನಿಯ ವೆಲ್ಡಿಂಗ್ ಅಂದರೆ ಸಾಲಾಗಿ, ಸಮ ಅಂತರದಲ್ಲಿ, ಇಡ್ಲಿ ತಟ್ಟೆಯ ಗುಳಿಯ ಹಾಗೆ ದುಂಡನೆ ಚುಕ್ಕೆಗಳು ಇರುತ್ತವೆ. ಬಲ ಬಾಗಿಲಲ್ಲಿ ಹಾಗೇ ಇತ್ತು. ಎಡಗಡೆ ಚುಕ್ಕೆಗಳೇ ಇಲ್ಲ. ಅಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ ಒಂದು ಅಂಕುಡೊಂಕು ಗೆರೆ, ಅದರ ಮೇಲೆ ದಪ್ಪ ಬಿಳಿ ಬಣ್ಣ. ಎರಡು ಬಾಗಿಲ ನಡುವಿನ ಕಂಬ ಕತ್ತರಿಸಿ ಬೇರೆ ಜೋಡಿಸಿದ್ದಾರೆ ಅಂದರು. ಪಕ್ಕದಿಂದ ಇನ್ನೊಮ್ಮೆ ಯಾರಾದರೂ ಗುದ್ದಿದರೆ ಒಳಗೆ ಕೂತವರನ್ನು ಕಾಯಬೇಕಾದದ್ದೇ ಆ ಕಂಬ.

ಚಾಚಾ ಕೊನೆಗೆ ಕೀ ತಿರುಗಿಸಿದರು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ಸಣ್ಣ ದೀಪ ಹೊತ್ತಿಕೊಂಡು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ದೋಷ ಇದೆ ಅಂತ ಅರ್ಥ. ಇದರಲ್ಲಿ ಅದು ಹೊತ್ತಲೇ ಇಲ್ಲ. ದೋಷ ಕಾಣದಿರಲಿ ಅಂತ ದೀಪವನ್ನೇ ಸಾಯಿಸುವುದೂ ಉಂಟು ಅಂತ ಚಾಚಾ ನನ್ನ ಕಿವಿಯಲ್ಲಿ ಹೇಳಿದರು. ಹೊಸ ಕಾರುಗಳಿಗೆ ಡ್ರೈವರ್ ಕಡೆಯ ಏರ್‌ಬ್ಯಾಗ್ 2019ರ ಜುಲೈನಿಂದಲೇ ಕಡ್ಡಾಯ. ಆಮೇಲೆ ತಯಾರಾಗಿದ್ದರೆ ಈ ಕಾರಿಗೆ ಅದು ಇರಲೇಬೇಕಿತ್ತು.

ಮನೆಗೆ ಬಂದು, ಅಂಗಡಿಯವರು ಕೊಟ್ಟಿದ್ದ ವಿಮೆಯ ಜೆರಾಕ್ಸ್ ತೆಗೆದು ನೋಡಿದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 20 ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ. ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಸಲವೂ ಗುದ್ದದ 2019ರ ಕಾರಿಗೆ ಇಷ್ಟೊತ್ತಿಗೆ 50 ಇರಬೇಕಿತ್ತು. ಇದ್ದದ್ದು ಸೊನ್ನೆ. ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು ನಿಜ. ಮಾಲೀಕರು ಬದಲಾದರೂ ಸೊನ್ನೆ ಆಗುತ್ತದೆ, ವಿಮೆ ಮುಗಿದು 90 ದಿನ ದಾಟಿದರೂ ಆಗುತ್ತದೆ. ಆದರೆ ಇದು ಒಬ್ಬರೇ ಮಾಲೀಕರ ಗಾಡಿ, ವಿಮೆ ಒಂದು ದಿನವೂ ತಪ್ಪಿಲ್ಲ ಅಂತ ಅವರೇ ಹೇಳಿದ್ದರಲ್ವಾ? ಫೋನ್ ಮಾಡಿ ಕೇಳಿದೆ. 'ಮೇಡಂ, ನೀವು ಪೇಪರ್ ಭಾಳ ಓದ್ತೀರಿ' ಅಂತ ಇಟ್ಟೇಬಿಟ್ಟರು.

ಎರಡನೇ ಕಾರು ಸಿಕ್ಕಿದ್ದು ಗಂಗಾವತಿಯಲ್ಲಿ. ಯಾವ ಡಾಕ್ಟರೂ ಅಲ್ಲ, ಮಾಲೀಕರೇ ನೇರವಾಗಿ ಮಾರುತ್ತಿದ್ದರು. ಕೂತು ನೀರು ಕುಡಿಯುವ ಮೊದಲೇ 'ಗಾಡಿ ಹೊಡದದ್ದ ಐತ್ರಿ, ಮೊದಲ ಹೇಳಿಬಿಡ್ತೀನಿ' ಅಂದರು. ಎರಡು ವರ್ಷದ ಹಿಂದೆ ಬೂದಗುಂಪಾ ಹತ್ತಿರ, ಮುಸ್ಸಂಜೆ ಹೊತ್ತು, ಹಿಂದೆ ಕೆಂಪು ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಭತ್ತದ ಟ್ರ್ಯಾಕ್ಟರಿಗೆ ಗುದ್ದಿದ್ದರಂತೆ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಗಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಒಂದು ಫೈಲು ತಂದು ಮುಂದಿಟ್ಟರು. ಅದರಲ್ಲಿ ಗುದ್ದಿದ ದಿನದ ಫೋಟೋಗಳು, ನಷ್ಟ ಅಳೆಯಲು ಬಂದ ವಿಮೆ ಸರ್ವೆಯರ್ ವರದಿ, 86,000 ರೂಪಾಯಿಯ ಬಿಲ್ಲು ಎಲ್ಲ ಇದ್ದವು. ಪ್ಲಾಸ್ಟಿಕ್, ರಬ್ಬರ್ ಸಾಮಾನಿಗೆ ವಿಮೆಯವರು ಅರ್ಧ ಸವಕಳಿ ಅಂತ ಕಳೆದು ಉಳಿದದ್ದಷ್ಟೇ ಕೊಡುತ್ತಾರಲ್ಲ, ಆ ಲೆಕ್ಕದಲ್ಲಿ ಇವರ ಕೈಯಿಂದ ಹೋದದ್ದು ಎಷ್ಟು ಅನ್ನುವುದೂ ಪೆನ್ಸಿಲಿನಲ್ಲಿ ಬರೆದಿತ್ತು. ಬಾನೆಟ್, ರೇಡಿಯೇಟರ್, ಬಂಪರ್, ಬಲಗಡೆಯ ಫೆಂಡರ್ ಮತ್ತು ಹೆಡ್‌ಲೈಟ್ ಬದಲಾಗಿದ್ದವು. ಬಲಗಣ್ಣು ಫಳಫಳ, ಎಡಗಣ್ಣು ಹಳದಿ. ಪೊರೆ ಬಂದ ನಮ್ಮತ್ತೆಯ ಕಣ್ಣಿನ ಹಾಗೇ ಕಾಣುತ್ತಿತ್ತು ಪಾಪ.

ಚಾಚಾ ಬಾನೆಟ್ ಎತ್ತಿ ಅರ್ಧ ತಾಸು ತಲೆ ಒಳಗೆ ಹಾಕಿಕೊಂಡೇ ಇದ್ದರು. ಫೆಂಡರಿನ ಬೋಲ್ಟ್ ತಲೆಗಳಲ್ಲಿ ಪಾನಾ ತಾಗಿ ಬಣ್ಣ ಎದ್ದಿತ್ತು. ಅದು ಬಿಲ್ಲಿಗೆ ಸರಿಹೋಗುತ್ತಿತ್ತು. ಅದರ ಹಿಂದೆ ಎಂಜಿನ್ ಹೊತ್ತ ಎರಡು ಉದ್ದನೆ ಚಾಸಿಸ್ ಕಾಲುಗಳಲ್ಲಿ ಒಂದು ಮಡಿಕೆಯೂ ಇಲ್ಲ, ಕಂಪನಿಯ ಚುಕ್ಕೆ ವೆಲ್ಡಿಂಗ್ ಹಾಗೇ ಇದೆ. ಟೈರುಗಳು ಒಂದೇ ಸಮ ಸವೆದಿದ್ದವು. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿತ ಸ್ವಲ್ಪ ಸಡಿಲ ಬಿಟ್ಟು ನೋಡಿದರೂ ಗಾಡಿ ಯಾವ ಕಡೆಗೂ ಎಳೆಯಲಿಲ್ಲ. ಏರ್‌ಬ್ಯಾಗ್ ದೀಪ ಹೊತ್ತಿತು, ಆರಿತು. 'ನೋಡ್ರಿ ಅಕ್ಕಾರ, ಬೋಲ್ಟ್ ಬಿಚ್ಚಿ ಬದಲು ಮಾಡೋ ಸಾಮಾನು ಹೋಗಿದ್ರ ಚಿಂತಿ ಇಲ್ಲ. ವೆಲ್ಡ್ ಮಾಡಿ ಕೂಡಿಸಿದ್ದು ಹೋಗಿದ್ರ ಕೈಮುಗದು ಬಂದಬಿಡ್ರಿ' ಅಂದರು. ನನಗೆ ಯಾವ ಪುಸ್ತಕದಲ್ಲೂ ಇಷ್ಟು ಸರಳವಾಗಿ ಸಿಕ್ಕಿರಲಿಲ್ಲ.

ಆದರೂ ಮನೆಯಲ್ಲಿ ಒಪ್ಪಲಿಲ್ಲ. ಹೊಡೆದ ಗಾಡಿ ಯಾಕೆ ಅಂತ ಮೈದುನ, ನಾದಿನಿ ಎಲ್ಲರೂ ಬೇಡ ಅಂದರು. ಅತ್ತೆಯದು ಒಂದೇ ಪ್ರಶ್ನೆ, 'ಅದರಾಗ ಯಾರರ ಸತ್ತಾರೇನು?' ಫೋನ್ ಸ್ಪೀಕರಿಗೆ ಹಾಕಿ ಅವರಿಂದಲೇ ಕೇಳಿಸಿದೆ. 'ಎರಡು ಚೀಲ ಭತ್ತ ಚೆಲ್ಲಿದ್ದು ಬಿಟ್ರ ಏನೂ ಆಗಿಲ್ಲವ್ವಾ' ಅಂದರು ಆ ಮಾಲೀಕರು. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಅನ್ನ ಚೆಲ್ಲೇತಿ, ಹುಲಿಗೆಮ್ಮಗ ತಪ್ಪು ಕಾಣಿಕಿ ಹಾಕಿದ್ರಾತು' ಅಂತ ಫೈಸಲು ಮಾಡಿದರು. 4.10 ಲಕ್ಷ ಹೇಳಿದ್ದು 3.65ಕ್ಕೆ ಮುಗಿಯಿತು. ಹೊಡೆದದ್ದಕ್ಕೇ ಅಷ್ಟು ಇಳಿಯಿತು ಅನ್ನಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಅವರೇ ನಮ್ಮ ಜೊತೆ ಆರ್‌ಟಿಒ ಕಚೇರಿಗೆ ಬಂದು ಸಹಿ ಹಾಕಿದರು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ, ಅಪಘಾತವಾದರೆ ಅವರೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಅವರಿಗೆ ಗೊತ್ತಿತ್ತು. ನಾನು ವಿಮೆಯನ್ನು ನನ್ನ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಟ್ಟೆ.

ಇಷ್ಟು ಬರೆಯಲು ಕಾರಣ ಇದೆ. ಸರ್ಕಾರದ ಎಂ-ಪರಿವಾಹನ್ ಆಪ್‌ನಲ್ಲಿ ನಂಬರು ಹಾಕಿದರೆ ನೋಂದಣಿ ದಿನ, ಎಷ್ಟನೇ ಮಾಲೀಕರು, ವಿಮೆ ಯಾವತ್ತಿನವರೆಗೆ, ಸಾಲ ಇದೆಯೋ ಇಲ್ಲವೋ ಎಲ್ಲ ಬರುತ್ತದೆ. ಗುದ್ದಿದ್ದು ಮಾತ್ರ ಬರುವುದಿಲ್ಲ. ಆ ಮಾಹಿತಿ ಇಲ್ಲ ಅಂತಲ್ಲ. ನಾವು ವಿಮಾ ಕಂಪನಿ ಬದಲಿಸಿ ಬೋನಸ್ ಕೇಳಿದರೆ ಹೊಸ ಕಂಪನಿ ಹಳೇ ಕಂಪನಿಯನ್ನು ವಿಚಾರಿಸುತ್ತದೆ. ವಿಮಾ ಕಂಪನಿಗಳ ಲೆಕ್ಕವನ್ನೆಲ್ಲ ಒಟ್ಟು ಮಾಡಿ ಇಡಲು ಹೈದರಾಬಾದಿನಲ್ಲಿ ಒಂದು ಸಂಸ್ಥೆಯೇ ಇದೆ. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಶೇ 75 ದಾಟಿದರೆ 'ಟೋಟಲ್ ಲಾಸ್' ಅಂತ ಮಾಲೀಕರಿಗೆ ಹಣ ಕೊಟ್ಟು ಮುಗಿಸುತ್ತಾರೆ. ಆ ಗಾಡಿ ಹರಾಜಿನಲ್ಲಿ ಯಾರದೋ ಕೈ ಸೇರಿ, ಬಣ್ಣ ಬಳಿದುಕೊಂಡು, ಡಾಕ್ಟರ್ ಗಾಡಿ ಆಗಿ ರಸ್ತೆಗೆ ಬಂದರೆ ನಮ್ಮಂಥವರು ದಂಡಕಾಂತ ಹಿಡಿದುಕೊಂಡು ಹುಡುಕಬೇಕು. ಹಳೇ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ತಗೊಳ್ಳಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಇದೆ. ನಾವು ಹೋದ ಅಂಗಡಿಗಳಲ್ಲಿ ಕೇಳಿದರೆ ಒಬ್ಬರೂ ಅದನ್ನು ತೋರಿಸಲಿಲ್ಲ. ಸಾರಿಗೆ ಇಲಾಖೆಯವರು ಮೊದಲು ಅದನ್ನು ಕೇಳಲಿ. ನಂಬರು ಹಾಕಿದರೆ ಯಾವ ವರ್ಷ ಎಷ್ಟು ರೂಪಾಯಿ ಕ್ಲೇಮ್ ಆಗಿದೆ ಅನ್ನುವ ಒಂದು ಸಾಲು ಕಾಣುವ ಹಾಗೆ ಕೇಂದ್ರದವರು ಮಾಡಲಿ. ಮಾಲೀಕರ ಹೆಸರೂ ಬೇಡ, ವಿಳಾಸವೂ ಬೇಡ.

ಹೋದ ವಾರ ಹುಲಿಗಿಗೆ ಹೋಗಿ ಬರುವಾಗ ಆ ಕನ್ಸಲ್ಟ್ ಅಂಗಡಿ ಮುಂದೆ ಹಾದು ಬಂದೆವು. ಬಿಳಿ ಕಾರು ಇರಲಿಲ್ಲ. ಯಾರೋ ಕೊಂಡಿದ್ದಾರೆ. ಅವರ ಮನೆಗೂ ನಿಮ್ಮ ಪತ್ರಿಕೆ ಬರುತ್ತಿರಬಹುದು ಅಂತ ಈ ಪತ್ರ. ದಯವಿಟ್ಟು ಒಂದು ಸಲ ಕೀ ತಿರುಗಿಸಿ, ಏರ್‌ಬ್ಯಾಗಿನ ದೀಪ ಹೊತ್ತುತ್ತದೆಯೇ ನೋಡಿ. ಎಡಗಡೆ ಹಿಂದಿನ ಸೀಟಿನಲ್ಲಿ ಸದ್ಯಕ್ಕೆ ಮಕ್ಕಳನ್ನು ಕೂರಿಸಬೇಡಿ.

ಇಂತಿ,
ಒಬ್ಬ ಶಿಕ್ಷಕಿ, ಕೊಪ್ಪಳ