ಮೊದಲು ತಮ್ಮನ ಮನೆಗೆ ಹೋಗು

ಪ್ರೀತಿಯ ಮಗನೇ,

ನಿನ್ನ ಮೆಸೇಜ್ ಓದಿದೆ. ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ನಮ್ಮ ಚರ್ಚಿನ ಸಭೆಯ ಆರಾಧನೆ ಸಪ್ಪೆ ಅನಿಸುತ್ತೆ, ಹಾಡು ಚೆನ್ನಾಗಿರೋ ಬೇರೆ ಸಭೆಗೆ ಹೋಗೋಣ ಅಂತಿದ್ದೀನಿ ಅಂತ ಬರೆದಿದ್ದೀಯ. ಹೋಗು, ನನ್ನ ತಕರಾರಿಲ್ಲ. ಚೆನ್ನಾಗಿ ಹಾಡಿದರೆ ನನಗೂ ಖುಷಿಯೇ. ಆದರೆ ಅಲ್ಲಿ ಹೋಗಿ ಕೂರುವವನೂ ನೀನೇ ಅಲ್ವಾ?

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಅಡ್ಡ ಬಂದಿರೋದು ಸಭೆಯಲ್ಲ, ನಿನ್ನ ಮತ್ತು ನಿನ್ನ ತಮ್ಮನ ನಡುವಿನ ಮೌನ.

ಬೈಬಲಿನಲ್ಲಿ ಮತ್ತಾಯ 5ನೇ ಅಧ್ಯಾಯದ 23, 24ನೇ ವಚನ ತೆಗೆದು ಓದು. ಯಜ್ಞವೇದಿಗೆ ಕಾಣಿಕೆ ತಂದವನಿಗೆ, ಸಹೋದರನಿಗೆ ತನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಒಂದಾಗಬೇಕು, ಆಮೇಲೆ ಬಂದು ಕಾಣಿಕೆ ಕೊಡಬೇಕು ಅನ್ನುತ್ತಾನೆ ಯೇಸು. ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ. ನಡುವೆ 100 ಕಿಲೋಮೀಟರಿಗೂ ಜಾಸ್ತಿ ದಾರಿ, ನಡೆದುಕೊಂಡು ಹೋದರೆ ದಿನಗಟ್ಟಲೆ ಬೇಕು. ಅಷ್ಟು ದೂರ ಬಂದವನು ಕಾಣಿಕೆ ಬಿಟ್ಟು ಊರಿಗೆ ಹೋಗಿ, ತಮ್ಮನ ಹತ್ತಿರ ಮಾತಾಡಿ, ಮತ್ತೆ ಬರಬೇಕು ಅಂದರೆ ಕೇಳಿದವರು ಬೆಚ್ಚಿಬಿದ್ದಿರಬೇಕು. ನಿನಗಾದರೆ ರಾತ್ರಿ ಬೆಂಗಳೂರಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಗದಗ ಬಂದೇಬಿಡುತ್ತೆ.

'ನಾನು ಅವನನ್ನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಿ ದೊಡ್ಡಪ್ಪ' ಅಂತ ಹೋದ ಸಲ ಹೇಳಿದೆ. ಒಳ್ಳೆಯದು. ಆದರೆ ಆ ವಚನದಲ್ಲಿ ನಿನ್ನ ನೋವಿನ ಲೆಕ್ಕವೇ ಇಲ್ಲ. ಅವನಿಗೆ ನಿನ್ನ ಮೇಲೆ ಏನಿದೆ ಅನ್ನೋದು ಅಲ್ಲಿರೋ ಪ್ರಶ್ನೆ. ಮನೆ ಪಾಲಿನ ದಿನ ಎಲ್ಲರ ಮುಂದೆ 'ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ದೆಯಲ್ಲ' ಅಂದೆ. ನಿಮ್ಮಪ್ಪ ಹಾಸಿಗೆ ಹಿಡಿದಾಗ ಬೆಡ್‌ಪ್ಯಾನ್ ತೆಗೆದವನು, ರಾತ್ರಿ ಎದ್ದು ಮಗ್ಗುಲು ಬದಲಿಸಿದವನು ಅವನು. ನೀನು ತಪ್ಪದೆ ದುಡ್ಡು ಕಳಿಸಿದೆ, ಇಲ್ಲ ಅನ್ನಲ್ಲ. ಅವನು ಆವತ್ತು ಒಂದೂ ಮಾತಾಡಲಿಲ್ಲ, ಸುಮ್ನೆ ಎದ್ದು ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ನಾನು ನೋಡಿದ್ದೀನಿ.

ಪಾಲು ಸರಿಯೋ ತಪ್ಪೋ ನಾನು ಹೇಳಲ್ಲ, ಅದು ಕಾಗದದ ವಿಷಯ. ಮಾತು ಬೇರೆ ವಿಷಯ.

ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚೋ ಕರ್ತನ ಭೋಜನದ ದಿನ ಒಬ್ಬರಿಗೊಬ್ಬರು ಸಮಾಧಾನ ಕೊಡುತ್ತೇವಲ್ಲ, ಮುಂದಿನ ಸಾಲಿನವರು ತಿರುಗಿ ನಮ್ಮ ಕೈ ಹಿಡಿಯುತ್ತಾರೆ, ನಾವು ಪಕ್ಕದವರ ಕೈ ಹಿಡಿಯುತ್ತೇವೆ. ಹೆಸರೂ ಗೊತ್ತಿಲ್ಲದವರಿಗೆ ಕೈ ಕೊಡೋದು ಸುಲಭ. ಕ್ರಿಸ್‌ಮಸ್‌ಗೆ ನೀನು ಬಂದಾಗ ತಮ್ಮ ಎರಡು ಬೆಂಚು ಹಿಂದೆ ಇದ್ದ, ನೀನು ತಿರುಗಲೇ ಇಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲ್ಲ ಅಂದರೆ ಇನ್ನೇನಾಗುತ್ತೆ? ಪರಲೋಕದ ತಂದೆಯೇ ಅನ್ನೋ ಪ್ರಾರ್ಥನೆ ಕಲಿಸಿದ ಮೇಲೆ ಯೇಸು ಮತ್ತೆ ಎತ್ತಿ ಹೇಳಿದ್ದು ಕ್ಷಮೆಯ ಮಾತೊಂದನ್ನೇ. ಅದೇ ಪ್ರಾರ್ಥನೆಯಲ್ಲಿರೋ ಅನ್ನದ ಬಗ್ಗೆಯೂ ಅಲ್ಲ, ಶೋಧನೆಯ, ಅಂದರೆ ಪಾಪಕ್ಕೆ ಎಳೆಯೋ ಸೆಳೆತದ ಬಗ್ಗೆಯೂ ಅಲ್ಲ.

ಹೋದಾಗ ವಿವರಣೆ ಕೊಡಬೇಡ. 'ಆವತ್ತು ಹಾಗೆ ಅಂದಿದ್ದು ತಪ್ಪು' ಅನ್ನು, ಅಷ್ಟೇ. ಅದರ ಹಿಂದೆ 'ಆದರೆ ನೀನೂ...' ಅಂತ ಸೇರಿಸಿದರೆ ರೈಲಿನ ದುಡ್ಡು ದಂಡ. ಅವನು ಕೂಡಲೇ ಕರಗದಿದ್ದರೆ ಒತ್ತಾಯ ಮಾಡಬೇಡ, ಅವನಿಗೂ ಟೈಮ್ ಬೇಕು. ವಾಟ್ಸಾಪ್‌ನಲ್ಲಿ ಮಾತ್ರ ಮುಗಿಸಬೇಡ ಮಾರಾಯ.

ಇನ್ನೊಂದು ಸಣ್ಣ ವಿಷಯ. ಬೆಳಿಗ್ಗೆ ಫೋನ್ ಮುಟ್ಟೋ ಮೊದಲು, ಯೇಸುವಿನ ಬದುಕು ಹೇಳೋ ಮಾರ್ಕನ ಸುವಾರ್ತೆ ದಿನಕ್ಕೊಂದು ಅಧ್ಯಾಯ ಓದು. ಒಟ್ಟು 16 ಇದೆ, ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಮೊದಲ ಅಧ್ಯಾಯದಲ್ಲೇ ಇದೆ ನೋಡು, ಕಪೆರ್ನೌಮಿನಲ್ಲಿ ಇಡೀ ಊರು ಬಾಗಿಲಿಗೆ ಬಂದಿದ್ದ ರಾತ್ರಿ ಕಳೆದು, ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಒಬ್ಬನೇ ಪ್ರಾರ್ಥನೆಗೆ ಹೋದ. ನಿದ್ದೆ ಸಾಲಲ್ಲ ಅನ್ನೋ ನಿನ್ನ ನೆಪ ಅಲ್ಲಿ ನಡೆಯಲ್ಲ.

ಟಿಕೆಟ್ ಆದ ಮೇಲೆ ಹೇಳು. ಸ್ಟೇಷನ್‌ಗೆ ನಾನು ಬರಲ್ಲ, ಊಟಕ್ಕೂ ನಮ್ಮನೆಗೆ ಬರಬೇಡ. ನೇರ ಬೆಟಗೇರಿಗೆ, ತಮ್ಮನ ಮನೆಗೇ ಹೋಗು.

ಇಂತಿ ನಿನ್ನ
ದೊಡ್ಡಪ್ಪ