ಮಕ್ಕಳ ಊಟದ ಲಾರಿಗೆ ದಾರಿ ಬಿಡಿ ಎಂದು ನಾವೂ ಕೇಳೋಣ

ಮಾನ್ಯ ಸಂಪಾದಕರೇ,

ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ಪ್ರಶ್ನೆ ಏಳುತ್ತದೆ: ‘ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ನಮ್ಮ ಮಕ್ಕಳು ಇಲ್ಲೇ ಇದ್ದಾರಲ್ಲ, ಗಾಜಾದ್ದು ಸುಡಾನಿದ್ದು ನಮಗ್ಯಾಕೆ?’ ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲೂ ಇದನ್ನು ಕೇಳಿದ್ದೇನೆ. ಎಣ್ಮಕಜೆಯ ಅಂಗನವಾಡಿಯಲ್ಲಿ ದುಡಿದವಳು ನಾನು. ಕುತ್ತಿಗೆ ನಿಲ್ಲದ ಮಕ್ಕಳ ಮನೆಗೂ ಅಂಗನವಾಡಿಯ ಪೌಷ್ಟಿಕ ಹಿಟ್ಟಾದ ಅಮೃತಂ ಪುಡಿ ತಲುಪಿಸಿದ್ದೇನೆ. ಹಾಗಾಗಿ ಆ ಪ್ರಶ್ನೆಯ ಹಿಂದಿನ ನೋವು ಗೊತ್ತು. ಆದರೆ ಪ್ರಶ್ನೆ ಸರಿಯಲ್ಲ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಜಗತ್ತಿನಲ್ಲೇ ನಿಲ್ಲಿಸಬೇಕೆಂದು 2011ರಲ್ಲಿ ತೀರ್ಮಾನವಾದದ್ದು ಜಿನೀವಾದಲ್ಲಿ. ಅದಕ್ಕೆ ಒಪ್ಪಿದ ಎಷ್ಟೋ ದೇಶದವರಿಗೆ ಆ ವಿಷಕ್ಕೆ ತುತ್ತಾದ ನಮ್ಮ ಪಡ್ರೆ ಗ್ರಾಮ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ನಾವೂ ಹಾಗೆ ಇನ್ನೊಬ್ಬರ ಮಕ್ಕಳ ಪರ ನಿಲ್ಲಬಹುದು, ಅಲ್ವಾ?

ಮಗುವಿನ ತೋಳಿಗೆ ಸುತ್ತಿ ಅಳೆಯುವ ಒಂದು ಪಟ್ಟಿ ಇದೆ. ಹಸಿರು, ಹಳದಿ, ಕೆಂಪು ಬಣ್ಣ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡಿದರೆ ಅಂಥ ತೋಳು ಅದರೊಳಗೆ ಸಡಿಲವಾಗಿಯೇ ಇರುತ್ತದೆ. ಸುಡಾನಿನ ಶಿಬಿರದಲ್ಲೂ ಅಳೆಯುವುದು ಇದೇ ಪಟ್ಟಿಯಿಂದ.

ಅಂಥ ಮಗುವಿಗೆ ಕೊಡುವುದು ನೆಲಕಡಲೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿದ ಪೇಸ್ಟ್. ಒಂದು ಪ್ಯಾಕೆಟ್ 92 ಗ್ರಾಂ, ಸುಮಾರು 500 ಕ್ಯಾಲೊರಿ. ನಮ್ಮ ಅಮೃತಂ ಪುಡಿಯಲ್ಲೂ ನೆಲಕಡಲೆ ಇದೆ, ಆದರೆ ಅದನ್ನು ಬೇಯಿಸಬೇಕು. ಒಳ್ಳೆ ನೀರು, ಸೌದೆ ಎರಡೂ ಇಲ್ಲದ ತಾಯಿ ಏನು ಮಾಡಬೇಕು? ಇದಾದರೆ ಪ್ಯಾಕೆಟ್ಟಿನ ಮೂಲೆ ಹರಿದು ಬಾಯಿಗೆ ಹಿಂಡಿದರೆ ಸಾಕು. ಬೇರೆ ಕಾಯಿಲೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಇಷ್ಟು ಸುಲಭದ ಮದ್ದು ಇದ್ದೂ ಮಕ್ಕಳು ಸಾಯುತ್ತಾರೆ, ಯಾಕೆಂದರೆ ಲಾರಿಗಳನ್ನೇ ತಡೆಯುತ್ತಾರೆ. 2025ರ ಮಾರ್ಚಿನಿಂದ ಮೇವರೆಗೆ ಗಾಜಾಕ್ಕೆ ಒಂದು ಮೂಟೆ ಹಿಟ್ಟೂ ಹೋಗಲು ಬಿಡಲಿಲ್ಲ. ಸುಡಾನಿನ ಅಲ್ ಫಾಶಿರ್ ನಗರವನ್ನು ವರ್ಷಕ್ಕೂ ಜಾಸ್ತಿ ಮುತ್ತಿಗೆ ಹಾಕಿದ್ದರು. ಅದರ ಪಕ್ಕದ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆಯೆಂದು 2024ರ ಆಗಸ್ಟಿನಲ್ಲೇ ದೃಢವಾಗಿತ್ತು. ಹದಿನೈದು ವರ್ಷದೊಳಗಿನ ಮಕ್ಕಳ ಊಟ, ಬಟ್ಟೆಗೆ ದಾರಿ ಬಿಡಬೇಕು, ಶತ್ರುವಿನ ಮಕ್ಕಳಾದರೂ ಸರಿ ಎಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಭಾರತವೂ ಅದನ್ನು ಒಪ್ಪಿದ ದೇಶ.

ಕಾದಾಡುವವರು ಯಾರ ಮಾತೂ ಕೇಳುವುದಿಲ್ಲ ಎಂದು ಕೈಚೆಲ್ಲಬೇಡಿ. 2024ರ ಸೆಪ್ಟೆಂಬರಿನಲ್ಲಿ ಗಾಜಾದಲ್ಲಿ ಪೋಲಿಯೊ ಹನಿ ಹಾಕಲು ಒಂದೊಂದು ಭಾಗದಲ್ಲಿ ದಿನಕ್ಕಿಷ್ಟು ಹೊತ್ತು ಅಂತ ದಾಳಿ ನಿಲ್ಲಿಸಿದ್ದರು. ಐದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಸಿಕ್ಕಿತು. ಪೋಲಿಯೊಗೆ ನಿಲ್ಲಿಸಿದವರಿಗೆ ಊಟಕ್ಕೂ ನಿಲ್ಲಿಸಲು ಆಗುತ್ತದೆ.

ಭಾರತ ಸರ್ಕಾರ ಈ ಮಾತನ್ನು ಗಟ್ಟಿಯಾಗಿ ಹೇಳಬೇಕೆಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಲಿ. ಇಲ್ಲಿನ ದೇವಸ್ಥಾನ, ಮಸೀದಿ, ಇಗರ್ಜಿ ಸಮಿತಿಗಳು ಒಂದೇ ಮನವಿಗೆ ಒಟ್ಟಾಗಿ ಸಹಿ ಹಾಕಿ ಅವರಿಗೆ ಕೊಡಲಿ. ಅದರಲ್ಲಿ ಗಾಜಾದ ಜೊತೆ ಸುಡಾನಿನ, ಉಕ್ರೇನಿನ ಮಕ್ಕಳ ಹೆಸರೂ ಇರಬೇಕು. ನಿಮ್ಮ ಪತ್ರಿಕೆಯೂ ಸುಡಾನಿನ ಸುದ್ದಿಗೆ ಇನ್ನಷ್ಟು ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

— ನಿವೃತ್ತ ಅಂಗನವಾಡಿ ಟೀಚರ್, ಪೆರ್ಲ, ಕಾಸರಗೋಡು