ಕೊಡೆ ಬಿಟ್ಟು ಹೋದ ಅಕ್ಕನಿಗೆ

ಮೊನ್ನೆ ಸೆಪ್ಟೆಂಬರ್ 21, ವಿಶ್ವ ಆಲ್‌ಝೈಮರ್ಸ್ ದಿನ. ಡಿಮೆನ್ಷಿಯಾಕ್ಕೆ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಸ್ಥಿತಿಗೆ, ಜಾಸ್ತಿ ಕಾರಣ ಅದೇ ಕಾಯಿಲೆ. ಕಾಸರಗೋಡಿನ ನಮ್ಮ ಆಫೀಸಿನವರು ಮನೆಯಿಂದ ಪತ್ರೊಡೆ, ಗೋಳಿಬಜೆ ಮಾಡಿ ತಂದು ಮಾರಿದೆವು. ಮರೆವಿನ ಹಿರಿಯರಿರುವ 3 ಮನೆಗಳಿಗೆ ಡೈಪರು, ವಾಟರ್ ಬೆಡ್ಡು ಕೊಡಿಸೋಣ ಅಂತ. ಮಧ್ಯಾಹ್ನದವರೆಗೂ ಮಳೆ. ಡಬ್ಬಿಯಲ್ಲಿ ಬರೀ ಚಿಲ್ಲರೆ.

ಆಗ ನೀವು ಬಂದಿರಿ. ಪತ್ರೊಡೆ ತಿಂದು, "ಹುಳಿ ಕಮ್ಮಿ, ಗಂಟಲು ತುರಿಸ್ತದೆ" ಅಂದಿರಿ. (ಮಾಡಿದ್ದು ನಾನೇ. ಒಪ್ಪಿದೆ.) ಬೋರ್ಡು ಓದಿ ಸುಮ್ನೆ ನಿಂತಿರಿ.

"ನನ್ನ ಅಮ್ಮನಿಗೆ ಕೊನೆಗೆ ಮಲಯಾಳ ಪೂರ್ತಿ ಮರೆತುಹೋಗಿತ್ತು. ನೋಡಿಕೊಳ್ಳಲು ಬಂದ ಹುಡುಗಿಗೆ ಕನ್ನಡ ಬಾರದು. ನೀರು ಬೇಕು ಅಂತ ಹೇಳಲಾಗದೆ ಅಮ್ಮ ಅಳ್ತಿದ್ರು. ಅರ್ಥವಾಗದೆ ಅವಳೂ ಅಳ್ತಿದ್ಲು."

ರಸೀದಿ ಪುಸ್ತಕ ಹುಡುಕುವಷ್ಟರಲ್ಲಿ ನೀವು ಬಸ್ಸು ಹತ್ತಿಯಾಗಿತ್ತು. ಡಬ್ಬಿಯಲ್ಲಿ ಸಣ್ಣಗೆ ಮಡಚಿದ 500ರ 10 ನೋಟುಗಳು!

ತುಂಬಾ ಥ್ಯಾಂಕ್ಸ್ ಅಕ್ಕಾ. ವಾಟರ್ ಬೆಡ್ಡು ಬಂತು. ಹಣಕ್ಕಿಂತ ನಿಮ್ಮ ಮಾತೇ ಹೆಚ್ಚು ಕೆಲಸಕ್ಕೆ ಬಂತು ಅನ್ನಬೇಕು. ಈಗ ಆ ಮನೆಗಳಿಗೆ ಹೋಗುವಾಗ ಅಜ್ಜ, ಅಜ್ಜಿಯರ ಮನೆಮಾತು ಯಾವುದೆಂದು ಮೊದಲೇ ಕೇಳುತ್ತೇವೆ. ಕನ್ನಡವೋ ತುಳುವೋ, ಅದು ಬಲ್ಲವರೇ ಹೋಗುತ್ತಾರೆ.

ನಿಮ್ಮ ಹಸಿರು ಕೊಡೆ ನಮ್ಮ ಕಪಾಟಿನ ಪಕ್ಕವೇ ಇದೆ. ಬನ್ನಿ. ಈ ಸಲ ಹುಳಿ ಸರಿಯಾಗಿ ಹಾಕಿರುತ್ತೇನೆ.